ಮೊಳೆಗೆ ಹಾಕದ ಬಿಲ್ಲೆ

ಮಾರ್ಚ್ 3, ಭಾನುವಾರ

ಅತ್ತಿಗೆ,

ಬಂದು ಮುಟ್ಟಿದೆವು. ದಾರಿಯಲ್ಲಿ ಅಣ್ಣನಿಗೆ ಏನೂ ಆಗಲಿಲ್ಲ, ವಾಂತಿ ಆಗಿದ್ದು ನನಗೆ. ಹೊರಡುವ ಗಡಿಬಿಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದ್ದೆನೋ ಇಲ್ಲವೋ ಎಂದು ಬಸ್ಸಿನಲ್ಲಿ ಶುರುವಾದ ಯೋಚನೆ ಇನ್ನೂ ನಿಂತಿಲ್ಲ. ನೀವು ಮನೆಯಲ್ಲೇ ಇದ್ದೀರಿ, ಈ ಕಾಗದ ಬರುವ ಹೊತ್ತಿಗೆ ಆಗುವುದೆಲ್ಲ ಆಗಿರುತ್ತದೆ, ಗೊತ್ತು. ಆದರೂ ಒಮ್ಮೆ ನೋಡಿಬಿಡಿ.

ಕಣ್ಣಿನ ಆಸ್ಪತ್ರೆ ದೊಡ್ಡದು. ಅಣ್ಣನದು ಮೂರನೇ ಮಹಡಿ, ಉದ್ದನೆಯ ವಾರ್ಡು, ಇಪ್ಪತ್ತೆರಡನೇ ಹಾಸಿಗೆ. ಲೇತ್ ಮಿಷನ್ನಿನಿಂದ ಹಾರಿದ ಕಬ್ಬಿಣದ ಚೂರಿಗೆ ಅಂದೇ ಹೋದ ಎಡಗಣ್ಣನ್ನು ಡಾಕ್ಟರು ಸರಿಯಾಗಿ ನೋಡಲೂ ಇಲ್ಲ. ಬಲಗಣ್ಣಿನ ಒಳಗಿನ ಪರದೆ ಹಳೇ ಗೋಡೆಯ ಸುಣ್ಣದ ಹಾಗೆ ಕಳಚಿಕೊಳ್ಳುತ್ತಿದೆಯಂತೆ. ಶುಕ್ರವಾರ ಬೆಳಿಗ್ಗೆ ಆಪರೇಷನ್ ಮಾಡಿ ಅದನ್ನು ಅಂಟಿಸುತ್ತಾರಂತೆ. ಅಂಟಿದರೆ ಅಂಟಿತು, ಇಲ್ಲದಿದ್ದರೆ ಇಲ್ಲ ಎಂದು ನನ್ನ ಮುಖ ನೋಡದೆ ಹೇಳಿದರು. ಈಗ ಅಣ್ಣನಿಗೆ ಎದುರಿಗೆ ನಿಂತವರ ಮುಖ ಕಾಣುತ್ತದೆ, ಪಕ್ಕದಲ್ಲಿದ್ದವರು ಕಾಣುವುದಿಲ್ಲ. ಅದಕ್ಕೇ ನಾನು ಸ್ಟೂಲನ್ನು ಅವನ ನೇರಕ್ಕೆ ಹಾಕಿಕೊಂಡು ಕೂತಿರುತ್ತೇನೆ.

ಇಲ್ಲಿ ಒಂದು ಪದ್ಧತಿ ಇದೆ. ಒಂದು ಹಾಸಿಗೆಗೆ ಒಂದೇ ಬಿಲ್ಲೆ, ತಗಡಿನದು, ಮೇಲೆ ನಂಬರು. ಅದು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಒಳಗೆ ಪ್ರವೇಶ. ಹೊರಗೆ ಹೋಗುವಾಗ ಗೇಟಿನಲ್ಲಿ ಕಾವಲಿನ ಅಜ್ಜನ ಹಿಂದಿರುವ ಹಲಗೆಯಲ್ಲಿ ನಮ್ಮ ನಂಬರಿನ ಮೊಳೆಗೆ ನೇತುಹಾಕಿ ಹೋಗಬೇಕು. ಮೊಳೆ ಖಾಲಿ ಇದ್ದರೆ ರೋಗಿಯ ಕಡೆಯವರು ಒಳಗಿದ್ದಾರೆ ಎಂದು ಲೆಕ್ಕ. ನಾನು ಮಾತ್ರ ನೇತುಹಾಕುವುದಿಲ್ಲ. ಹೋದ ವಾರ ಯಾರದೋ ಬಿಲ್ಲೆಯನ್ನು ಇನ್ಯಾರೋ ತೆಗೆದುಕೊಂಡು ಹೋಗಿ, ಪಾಪ, ಒಬ್ಬ ತಾಯಿ ದಿನವೆಲ್ಲ ಹೊರಗೆ ನಿಂತಳಂತೆ. ಅದನ್ನು ಕೇಳಿದ ಮೇಲೆ ನನಗೆ ಧೈರ್ಯವಿಲ್ಲ. ಬ್ರೆಡ್ಡು ತರಲು ಹೋದರೂ ಕರವಸ್ತ್ರದಲ್ಲಿ ಗಂಟು ಹಾಕಿ ಜೊತೆಗೇ ಒಯ್ಯುತ್ತೇನೆ.

ಮಕ್ಕಳನ್ನು ಬಿಟ್ಟು ನೀವು ಬರುವುದು ಬೇಡ ಎಂದು ಅಣ್ಣ ಅನ್ನುತ್ತಾನೆ. ಗುಂಡಿಗೆ ಕಾಜಾ ಹಾಕಬೇಕಾದ ಅಂಗಿಗಳ ಕಟ್ಟು ಹಾಗೇ ಉಳಿದಿದೆ, ಎಲ್ಲವೂ ನಿಮ್ಮ ತಲೆಗೇ ಬಂತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು, ಮಕ್ಕಳ ಮುಂದೆ ಜೋರಾಗಿ ಓದಬೇಡಿ, ನಗುತ್ತವೆ.

ಗುಬ್ಬಿ


ಮಾರ್ಚ್ 5

ಗುಬ್ಬಿ,

ಇಸ್ತ್ರಿಪೆಟ್ಟಿಗೆ ಆರಿತ್ತು. ಮನೆಯೂ ಇದೆ, ನಾವೂ ಇದ್ದೇವೆ. ಅಂಗಿಗಳಲ್ಲಿ ಅರ್ಧವನ್ನು ಪಕ್ಕದ ಮನೆಯ ದರ್ಜಿಯ ಹೆಂಡತಿ ಒಯ್ದಿದ್ದಾಳೆ. ಅವಳ ಕಾಜಾ ನೋಡಿದರೆ ಅಂಗಡಿಯವರು ಏನನ್ನುತ್ತಾರೋ, ಅದು ಆಮೇಲಿನ ಮಾತು.

ನಿಮ್ಮಣ್ಣ ಏನಾದರೂ ಹೇಳಿದರೇ? ಊಟದ ಮಾತು, ಔಷಧಿಯ ಮಾತು ಕೇಳುತ್ತಿಲ್ಲ. ಹೊರಟ ದಿನದ ಬಗ್ಗೆ ಏನಾದರೂ ಅಂದರೇ? ಅಂದಿದ್ದರೆ ಮುಚ್ಚಿಡದೆ ಬರಿ. ಅನ್ನದಿದ್ದರೆ ನೀನಾಗಿ ಕೆದಕಬೇಡ.

ನಾನು ಬರುವುದು ಬೇಡ ಎಂದದ್ದು ಅವರೋ, ನೀನು ಸೇರಿಸಿದ್ದೋ?

ಅತ್ತಿಗೆ


ಮಾರ್ಚ್ 9, ಶನಿವಾರ

ಅತ್ತಿಗೆ,

ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಸೇರಿಸಿ ಪಟ್ಟಿ ಕಟ್ಟಿದ್ದಾರೆ. ಹಗಲೂ ರಾತ್ರಿ ಬೋರಲು ಮಲಗಬೇಕು. ಕೆಮ್ಮಬಾರದು, ಸೀನಬಾರದು, ಮುಖ್ಯವಾಗಿ ಕಣ್ಣಲ್ಲಿ ನೀರು ಬರಬಾರದು ಅಂದಿದ್ದಾರೆ. ಹಾಗಾಗಿ ಮನೆಯ ಸುದ್ದಿ ಏನಿದ್ದರೂ ನನಗೆ ಬರೆಯಿರಿ, ನಾನು ನೋಡಿಕೊಂಡು ಹೇಳುತ್ತೇನೆ. ಪಟ್ಟಿ ಬಿಚ್ಚುವುದು ಮುಂದಿನ ಗುರುವಾರ.

ಆಪರೇಷನ್ನಿನ ಹಿಂದಿನ ರಾತ್ರಿ ನಾನು ಅಣ್ಣನ ಪಕ್ಕದಲ್ಲೇ ಇದ್ದೆ. ಹಾಲು ಬ್ರೆಡ್ಡು ಕೊಟ್ಟರು, ಅರ್ಧ ಅವನು ತಿಂದ, ಅರ್ಧ ನಾನು ತಿಂದೆ. ದೀಪ ಆರಿಸಿದ ಮೇಲೂ ಸ್ಟೂಲಿನ ಮೇಲೆ ಕೂತೇ ಇದ್ದೆ. ಒಮ್ಮೆಯೂ ಏಳಲಿಲ್ಲ. ಅವನು ಚೆನ್ನಾಗಿ ನಿದ್ದೆ ಮಾಡಿದ. ನಾನು ಅಲ್ಲೇ ಇದ್ದದ್ದರಿಂದ ಅವನಿಗೂ ಧೈರ್ಯ.

ನೀವು ಕೇಳಿದ್ದಕ್ಕೆ ಉತ್ತರ. ಹೊರಟ ದಿನದ ಬಗ್ಗೆ ಏನೂ ಹೇಳಲಿಲ್ಲ. ಬರುವುದು ಬೇಡ ಅಂದದ್ದು ಅವನೇ, ನಾನ್ಯಾಕೆ ಸೇರಿಸಲಿ. ನನ್ನ ಮೇಲೆ ಏನಾದರೂ ಸಿಟ್ಟಿದೆಯಾ? ಇದ್ದರೆ ಬರೆದುಬಿಡಿ, ಸುಮ್ಮನಿದ್ದರೆ ನನಗೆ ಅನ್ನ ಸೇರುವುದಿಲ್ಲ.

ವಾರ್ಡಿನ ಆಯಾ ಒಳ್ಳೆಯವಳು, ಬಾಯಿ ಮಾತ್ರ ಜೋರು. ಅವಳ ತಮ್ಮ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದಾನಂತೆ. ಸುಮ್ಮನೆ ಹೇಳಿದೆ.

ಗುಬ್ಬಿ


ಮಾರ್ಚ್ 12

ಗುಬ್ಬಿ,

ನೀನು ಅಲ್ಲೇ ಇದ್ದೆ ಎಂದು ನನಗೂ ಗೊತ್ತು. ನಾನೂ ಬಂದಿದ್ದೆ.

ಗುರುವಾರ ಮಧ್ಯಾಹ್ನ ಮಕ್ಕಳನ್ನು ದರ್ಜಿಯ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ಆಸ್ಪತ್ರೆ ಹುಡುಕಿ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಗೇಟಿನ ಅಜ್ಜ ಹಲಗೆ ನೋಡಿ, "ಇಪ್ಪತ್ತೆರಡರ ಮೊಳೆ ಖಾಲಿ ಇದೆ, ನಿಮ್ಮೋರು ಒಳಗಿದ್ದಾರೆ. ಅವರು ಇಳಿದು ಬಂದು ಬಿಲ್ಲೆ ಕೊಟ್ರೆ ನೀವು ಹೋಗ್ಬಹುದು" ಅಂದ. ಕರೆಸಿ ಎಂದು ಬೇಡಿಕೊಂಡೆ. ಅವನು ಮೆಟ್ಟಿಲು ಹತ್ತಿ ಹೋಗಿ ಇಪ್ಪತ್ತೆರಡರ ಕಡೆಯವರು ಬನ್ನಿ ಎಂದು ಎರಡು ಸಲ ಕೂಗಿದ್ದು ನನಗೂ ಕೇಳಿಸಿತು. ನೀನು ಬರಲಿಲ್ಲ. ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ತಲೆಗೆ ಶಾಲು ಎಳೆದುಕೊಂಡು ಕೂತೆ. ಈಗ ಬರುತ್ತಾಳೆ, ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾಳೆ ಎಂದು ಕಾದು ಕಾದು ಅಲ್ಲೇ ಕಣ್ಣು ಹತ್ತಿತು. ಬೆಳಗಿನ ಜಾವ ಎದ್ದು ನೋಡಿದರೆ ಮೊಳೆ ಹಾಗೇ ಖಾಲಿ. ಮಕ್ಕಳ ನೆನಪಾಗಿ ಮೊದಲ ಬಸ್ಸಿಗೆ ವಾಪಸ್ಸು ಬಂದೆ.

ನಿನಗೆ ನಿಮ್ಮಣ್ಣ ಹೇಗೋ ನನಗೆ ಗಂಡ ಹಾಗೆ. ಹೊರಟ ದಿನ ನಾನು ಅವರಿಗೆ ಒಂದು ಮಾತು ಅಂದುಬಿಟ್ಟಿದ್ದೆ. ಅವರ ಕಣ್ಣಿಗೆ ನಾನು ಕಾಣುತ್ತಿರುವಾಗಲೇ, ಎದುರಿಗೆ ನಿಂತು ಅದನ್ನು ವಾಪಸ್ಸು ತೆಗೆದುಕೊಳ್ಳಬೇಕಿತ್ತು. ಗಳಿಗೆ ಹೊತ್ತು ಸಾಕಿತ್ತು. ನೀನು ಕೆಳಗಿಳಿದು ಬಂದು ಬಿಲ್ಲೆ ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ನಾನು ಬಂದಿದ್ದೆ ಎಂದು ಅವರಿಗೆ ಹೇಳಬೇಡ. ಅತ್ತರೆ ಕಣ್ಣಿಗೆ ಕಷ್ಟ.

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ಯಾರೂ ನನ್ನನ್ನು ಕರೆಯಲಿಲ್ಲ. ನನ್ನಾಣೆ, ನನಗೆ ಕೇಳಿಸಲೇ ಇಲ್ಲ. ಗೇಟಿನ ಅಜ್ಜನಿಗೆ ವಯಸ್ಸಾಗಿದೆ, ಮೊದಲ ಮಹಡಿಗೆ ಹತ್ತಿ ಕೂಗಿ ಇಳಿದುಬಿಟ್ಟನೋ ಏನೋ. ಅವನಿಗೆ ಬೀಡಿ ಸೇದುವ ಅಭ್ಯಾಸ ಬೇರೆ. ನೀವು ಅಷ್ಟು ಹತ್ತಿರ ಇದ್ದಿರಿ ಎಂದು ಗೊತ್ತಿದ್ದರೆ ನಾನು ಬೀಳುತ್ತಾ ಏಳುತ್ತಾ ಓಡಿ ಬರುತ್ತಿದ್ದೆ.

ನಿನ್ನೆ ಪಟ್ಟಿ ಬಿಚ್ಚಿದರು. ಬರೆಯಲು ಕೈ ಬರುತ್ತಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಮಾತ್ರ ಅಣ್ಣನಿಗೆ ತಿಳಿಯುತ್ತದೆ. ಡಾಕ್ಟರು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಅಣ್ಣ ನಗುತ್ತಾ, "ನೀವೇ ಹೇಳಿಬಿಡಿ ಸಾರ್" ಅಂದ. ಪರದೆ ಅಂಟಲಿಲ್ಲ. ಇನ್ನೊಮ್ಮೆ ಮಾಡಿ ಪ್ರಯೋಜನವಿಲ್ಲವಂತೆ. ಇಪ್ಪತ್ತೆರಡನೇ ತಾರೀಖು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ.

ನೀವು ಬನ್ನಿ. ನನ್ನ ಕೈಯಲ್ಲಿ ಒಬ್ಬಳೇ ಆಗುವುದಿಲ್ಲ.

ಗುಬ್ಬಿ


ಮಾರ್ಚ್ 24

ಅತ್ತಿಗೆ,

ನೀವಿಬ್ಬರೂ ಕ್ಷೇಮವಾಗಿ ಮನೆ ಮುಟ್ಟಿದಿರಿ ಎಂದುಕೊಂಡಿದ್ದೇನೆ. ಬಸ್ಸು ಹತ್ತುವ ಹೊತ್ತಿಗೆ ನಾನು ಬರುವುದಿಲ್ಲ ಅಂದದ್ದಕ್ಕೆ ನೀವು ಬೆರಗಾಗಿ ನೋಡಿದಿರಿ. ಮೊದಲೇ ಹೇಳಬೇಕಿತ್ತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಬಟ್ಟೆ ಹೊಲಿಯಲು ಆಳು ಬೇಕಿತ್ತು, ಆಯಾ ಹೇಳಿಸಿ ಸೇರಿಸಿದಳು. ಕೆಲಸ ಬಿಟ್ಟು ಬರುವಂತಿಲ್ಲ. ಮನೆಗೂ ಅನುಕೂಲ ಆಗುತ್ತದೆ. ಇದಕ್ಕಿಂತ ಬೇರೆ ಏನೂ ಇಲ್ಲ.

ನೀವು ಬಂದ ದಿನ ನಿಮ್ಮನ್ನು ಕರೆದುಕೊಳ್ಳಲು ಗೇಟಿಗೆ ಬಂದಿದ್ದೆನಲ್ಲ, ಆಗ ಆ ಅಜ್ಜನಿಗೆ ನೀವು ಅಂದ ಮಾತುಗಳು ನನ್ನ ಕಿವಿಯಲ್ಲೇ ಇವೆ. ಒಂದು ಕೂಗು ಸರಿಯಾಗಿ ಹಾಕಲು ಆಗದವನಿಗೆ ಗೇಟು ಯಾಕೆ, ಕುರ್ಚಿ ಯಾಕೆ ಎಂದು ಎಲ್ಲರ ಮುಂದೆ ಕೇಳಿದಿರಿ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ತಪ್ಪಾಯ್ತಮ್ಮ, ವಯಸ್ಸಾಯ್ತು" ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅಣ್ಣ ಮೇಲೆ ಬಟ್ಟೆ ಹಾಕಿಕೊಂಡು ಕಾಯುತ್ತಿದ್ದಾನೆ, ಬನ್ನಿ ಎಂದು ನಿಮ್ಮ ಕೈ ಎಳೆದೆ, ಅಷ್ಟೇ.

ಮೇಲಿನವರಿಗೆ ಅವನ ಮೇಲೆ ದೂರು ಬರೆಯುತ್ತೇನೆ ಅಂದಿದ್ದಿರಿ. ದಯವಿಟ್ಟು ಬೇಡ. ಆದದ್ದು ಆಗಿಹೋಯಿತು.

ಬಚ್ಚಲಿನ ಹತ್ತಿರದ ಮೆಟ್ಟಿಲು ಎತ್ತರ ಇದೆ. ಅಣ್ಣನಿಗೆ ಎಚ್ಚರ ಹೇಳಿ. ಮಕ್ಕಳು ಚಪ್ಪಲಿಗಳನ್ನು ದಾರಿಯಲ್ಲೇ ಬಿಡುತ್ತವೆ, ಅದನ್ನೂ.

ಗುಬ್ಬಿ


ಏಪ್ರಿಲ್ 14

ಗುಬ್ಬಿ,

ಇಷ್ಟು ದಿನ ಬರೆಯಲು ಬಿಡುವಾಗಲಿಲ್ಲ. ಅವರು ಮನೆಯೊಳಗೆ ಗೋಡೆ ಹಿಡಿಯದೆ ಓಡಾಡುತ್ತಾರೆ. ಅಂಗಿಗೆ ಗುಂಡಿ ಹಚ್ಚಲು ಕಲಿಸುತ್ತಿದ್ದೇನೆ. ನಿನಗಿಂತ ಬೇಗ ಕಲಿತರು.

ಸಂಜೆ ಹೊತ್ತು ಮಕ್ಕಳಿಗೆ ಕಥೆ ಹೇಳುತ್ತಾರೆ. ನಿನ್ನೆ ನಾನೂ ಕಾಜಾ ಹಾಕುತ್ತಾ ಕೂತು ಕೇಳಿದೆ. ಕುದುರೆಗಳ ಕಥೆ. ದೀಪದ ಕೆಳಗೆ ಹಸಿರು ಹುಲ್ಲು, ಒಂದು ಬೂದು ಕುದುರೆ, ಅದರ ಮೇಲೆ ಹಳದಿ ಅಂಗಿಯ ಪುಟ್ಟ ಸವಾರ, ಕೊನೆಯಲ್ಲಿದ್ದದ್ದು ತಿರುವಿನಲ್ಲಿ ಹೊರಗಿನಿಂದ ನುಗ್ಗಿ ಬಂದದ್ದು. ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ಇದನ್ನೆಲ್ಲ ಯಾವಾಗ ನೋಡಿದಿರಿ ಅಂದೆ. "ನಾನೆಲ್ಲಿ ನೋಡ್ದೆ, ನಮ್ಮ ಗುಬ್ಬಿ ನೋಡಿದ್ದು. ಆಪರೇಷನ್ ಹಿಂದಿನ ರಾತ್ರಿ. ಬಂದು ಎಲ್ಲಾ ಹೇಳಿದ್ಲು" ಅಂದರು.

ಆ ರಾತ್ರಿ ಬಿಲ್ಲೆ ಎಲ್ಲಿತ್ತು?

ಅತ್ತಿಗೆ


ಏಪ್ರಿಲ್ 18

ಅತ್ತಿಗೆ,

ಕರವಸ್ತ್ರದ ಗಂಟಿನಲ್ಲಿ ಇತ್ತು. ಗಂಟು ನನ್ನ ಕೈಚೀಲದಲ್ಲಿತ್ತು. ಕೈಚೀಲ ನನ್ನ ಜೊತೆ ರೇಸ್ ಕೋರ್ಸಿನಲ್ಲಿತ್ತು.

ಇಷ್ಟು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಈಗ ಉಳಿದದ್ದನ್ನೂ ಹೇಳುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಸುಳ್ಳು ಸೇರಿಸಿಬಿಡುತ್ತೇನೆ ಎಂದು ಭಯ.

ಆಯಾಳಿಗೆ ಅವಳ ತಮ್ಮ ಎರಡು ಪಾಸು ಕೊಟ್ಟಿದ್ದ. ಗುರುವಾರ ಸಂಜೆ ಬಂದು, "ಆ ಸ್ಟೂಲಿಗೆ ಅಂಟ್ಕೊಂಡು ಕೂತಿದ್ದೀಯಲ್ಲ, ನಿಮ್ಮಣ್ಣನ ಪರದೆನೂ ಇಷ್ಟು ಗಟ್ಟಿಯಾಗಿ ಅಂಟಲ್ಲ. ಏಳು" ಅಂದಳು. ಅಣ್ಣನಿಗೆ ನಗು ಬಂತು. ನಾನು ಒಲ್ಲೆ ಅಂದೆ. "ಹೋಗಿ ನೋಡ್ಕೊಂಡು ಬಾ. ಬಂದು ನಂಗೆ ಹೇಳು" ಅಂದ. ಅವನು ಹೇಳಿದ್ದಕ್ಕೆ ಹೋದೆ ಎಂದು ಬರೆದು ಅವನ ಮೇಲೆ ಹಾಕುವುದಿಲ್ಲ. ಹೋಗಬೇಕೆಂದು ನನಗೂ ಆಸೆಯಾಗಿತ್ತು. ಭೇಟಿಯ ಹೊತ್ತು ಮುಗಿದು ಎಲ್ಲರೂ ಒಟ್ಟಿಗೆ ಹೊರಬೀಳುತ್ತಿದ್ದರು, ಗೇಟಿನ ಅಜ್ಜ ನಮ್ಮನ್ನು ಗಮನಿಸಲಿಲ್ಲ. ಬಿಲ್ಲೆ ಮೊಳೆಗೆ ಹಾಕುವ ಯೋಚನೆ ಬಂತು. ಕಳೆದುಹೋದರೆ ನಾಳೆ ಬೆಳಿಗ್ಗೆ ಅಣ್ಣನ ಹತ್ತಿರ ಯಾರಿರುತ್ತಾರೆ ಎಂದು ಹೆದರಿ ಗಂಟನ್ನು ಇನ್ನೂ ಬಿಗಿ ಮಾಡಿದೆ.

ಅಲ್ಲಿ ಎಂಥಾ ಬೆಳಕು, ಅತ್ತಿಗೆ. ಎತ್ತರದ ಕಂಬಗಳ ಮೇಲಿಂದ ಸುರಿಯುತ್ತಿತ್ತು. ಹುಲ್ಲು ಆಗತಾನೆ ಬಣ್ಣಕ್ಕೆ ಅದ್ದಿ ತೆಗೆದ ಬಟ್ಟೆಯ ಹಾಗೆ ಕಾಣುತ್ತಿತ್ತು. ಓಡುವ ಮೊದಲು ಕುದುರೆಗಳನ್ನು ಒಂದು ಕಟ್ಟೆಯ ಸುತ್ತ ನಡೆಸುತ್ತಾರೆ. ನಾನು ಕಟಕಟೆಗೆ ಆತು ನಿಂತಿದ್ದೆ. ಅವುಗಳ ಮೈಯ ಬಿಸಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಚರ್ಮದ ಕೆಳಗೆ ನರಗಳು ಬಳ್ಳಿಯ ಹಾಗೆ. ಸವಾರರು ಎಷ್ಟು ಸಣ್ಣವರೆಂದರೆ ನಮ್ಮ ದೊಡ್ಡವನ ಅಂಗಿ ಅವರಿಗೆ ಸರಿಹೋಗುತ್ತದೆ. ಹೊಳೆಯುವ ಬಟ್ಟೆ, ಅದರಲ್ಲಿ ಕಾಜಾ ಯಾರು ಹಾಕಿದರೋ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಆ ಯೋಚನೆಯೂ ಹೋಯಿತು.

ಓಟದ ಹೊತ್ತಿಗೆ ಬೆಂಚಿಗೆ ಬಂದು ಕೂತೆವು. ಕುದುರೆ ಬರುವುದು ಮೊದಲು ಕಾಲಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ. ನೆಲ ಗುಡುಗುಡು ಅಂದಿತು, ಎಲ್ಲರೂ ಎದ್ದರು, ನಾನೂ ಎದ್ದೆ. ಆಯಾ ಬೂದು ಕುದುರೆಯ ಮೇಲೆ ನನ್ನ ಹೆಸರಿನಲ್ಲಿ ಒಂದಿಷ್ಟು ದುಡ್ಡು ಕಟ್ಟಿದ್ದಳು. ಅದು ಎಲ್ಲಕ್ಕಿಂತ ಹಿಂದೆ ಬರುತ್ತಿತ್ತು. ತಿರುವಿನಲ್ಲಿ ಹೊರಗಿನಿಂದ ನುಗ್ಗಿತು. ನಾನು ಬೆಂಚು ಹತ್ತಿ ಕೂಗಿದೆ. ನನಗೆ ಅಂಥಾ ಗಂಟಲು ಇದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಯಜಮಾನರು ಕಿವಿ ಮುಚ್ಚಿಕೊಂಡು, "ತಾಯಿ, ಕುದುರೆಗೆ ಕೇಳಿಸ್ತು, ಸಾಕು" ಅಂದರು. ಅದು ಎರಡನೆಯದಾಗಿ ಬಂತು. ನನಗೆ ಅದೇ ಗೆದ್ದ ಹಾಗೆ.

ಇನ್ನೊಂದು ಓಟ, ಇನ್ನೊಂದು ಓಟ ಎಂದು ಕೊನೆಯವರೆಗೂ ನಿಂತೆ. ಹೋಗೋಣ ಅಂದದ್ದು ಆಯಾ, ನಾನಲ್ಲ. ನನ್ನ ತಲೆಯಲ್ಲಿ ಯಾವಾಗಲೂ ಏನೋ ಒಂದು ಕೊರೆಯುತ್ತಿರುತ್ತದೆ, ನಿಮಗೆ ಗೊತ್ತು, ಅದಕ್ಕೇ ಗುಬ್ಬಿ ಎಂದು ಕರೆಯುತ್ತೀರಿ. ಆ ರಾತ್ರಿ ಅಲ್ಲಿ ಏನೂ ಇರಲಿಲ್ಲ. ಅಣ್ಣನ ಕಣ್ಣೂ ಇರಲಿಲ್ಲ. ನೀವು ಮಕ್ಕಳನ್ನು ಬಿಟ್ಟು ಬಸ್ಸಿನಲ್ಲಿ ಬಂದು ಗೇಟಿನಲ್ಲಿ ಬೇಡಿಕೊಳ್ಳುತ್ತಿದ್ದ ಹೊತ್ತಿಗೆ ನಾನು ನನ್ನ ಜೀವಮಾನದಲ್ಲೇ ಎಲ್ಲಕ್ಕಿಂತ ಸುಖವಾಗಿದ್ದೆ. ಹೋದೆ ಎನ್ನುವುದಕ್ಕಿಂತ ಇದನ್ನು ಹೇಳುವುದಕ್ಕೇ ನನಗೆ ಹೆಚ್ಚು ನಾಚಿಕೆ.

ಇನ್ನೂ ಒಂದಿದೆ. ನಾವು ವಾಪಸ್ಸು ಬಂದಾಗ ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲಲ್ಲಿ ಯಾರೋ ಹೆಂಗಸು ತಲೆಗೆ ಶಾಲು ಎಳೆದು ಮಂಡಿಗೆ ಹಣೆ ಕೊಟ್ಟು ಮಲಗಿದ್ದಳು. ನಾನು ಅವಳ ಪಕ್ಕದಲ್ಲೇ ನಡೆದು ಬಂದೆ. ಪಾಪ, ಯಾರ ಮನೆಯವಳೋ ಎಂದು ಆಯಾಳಿಗೆ ಹೇಳಿ ನಗುವನ್ನು ಸ್ವಲ್ಪ ತಗ್ಗಿಸಿದೆ, ನಿದ್ದೆ ಕೆಡಬಾರದು ಎಂದು. ಗೇಟಿನಲ್ಲಿ ಪಾಳಿ ಬದಲಾಗಿತ್ತು. ಹೊಸಬನಿಗೆ ಬಿಲ್ಲೆ ತೋರಿಸಿ ಮೇಲೆ ಹೋದೆ. ಅಣ್ಣ ಎಚ್ಚರವಾಗಿದ್ದ. ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಬೂದು ಕುದುರೆಯ ಓಟವನ್ನು ಇನ್ನೊಮ್ಮೆ ಹೇಳಿಸಿಕೊಂಡ.

ನಿಮ್ಮ ಕಾಗದದಲ್ಲಿ ಮೆಟ್ಟಿಲು, ಶಾಲು ಎಂದು ಓದಿದಾಗಲೇ ನನಗೆ ತಿಳಿಯಿತು. ತಿಳಿದೂ ಗೇಟಿನ ಅಜ್ಜನ ಮೇಲೆ ಹಾಕಿದೆ. ಇವತ್ತು ಬೆಳಿಗ್ಗೆ ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. "ಬಿಡಮ್ಮ, ಗೇಟಿನಲ್ಲಿ ಕೂತವನಿಗೆ ಬೈಗುಳನೂ ಸಂಬಳದ ಜೊತೆಗೇ ಬರುತ್ತೆ" ಅಂದ. ಬೀಡಿ ಹಚ್ಚಿಕೊಂಡು, "ಆದ್ರೆ ಅವತ್ತಿಂದ ನಾನು ಸರಿಯಾಗಿ ಕೂಗಿದ್ನೋ ಇಲ್ವೋ ಅಂತ ನಂಗೇ ಅನುಮಾನ ಬಂದ್ಬಿಟ್ಟಿತ್ತು" ಅಂದ. ಎದ್ದು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಕೆಲಸಕ್ಕಾಗಿ ಇಲ್ಲಿ ಉಳಿಯಲಿಲ್ಲ. ನಿಮ್ಮ ಎದುರು ಕೂತು ಒಂದೇ ಅಂಗಿಯ ಆ ಕೈ ನೀವು, ಈ ಕೈ ನಾನು ಹಿಡಿದು ಹೊಲಿಯಲು ನನಗೆ ಮುಖವಿಲ್ಲ. ಬರಬೇಡ ಅಂದರೆ ಬರುವುದಿಲ್ಲ.

ಗುಬ್ಬಿ


ಮೇ 2

ಗುಬ್ಬಿ,

ನಿನ್ನ ಕಾಗದ ಬಂದ ದಿನ ಒಲೆಗೆ ಹಾಕಬೇಕೆಂದುಕೊಂಡೆ. ಬೆಂಚು ಹತ್ತಿ ಕೂಗಿದೆ ಎಂದು ಬರೆದಿದ್ದೀಯಲ್ಲ, ಆ ಜಾಗಕ್ಕೆ ಬಂದಾಗಲೆಲ್ಲ ನಿನ್ನ ಕೆನ್ನೆಗೆ ಬಾರಿಸಬೇಕೆನಿಸಿತು. ಈಗಲೂ ಅನಿಸುತ್ತದೆ.

ನಾನು ಹೊರಟ ದಿನ ಅಂದ ಮಾತು ನಿನಗೂ ತಿಳಿದಿರಲಿ. ಕಣ್ಣಿಲ್ಲದೆ ವಾಪಸ್ಸು ಬಂದರೆ ನನ್ನ ಕೈಲಿ ಆಗುವುದಿಲ್ಲ ಅಂದಿದ್ದೆ. ಹೆದರಿಕೆಗೆ ಅಂದದ್ದು. ಮೊನ್ನೆ ಗುಂಡಿ ಹಚ್ಚುತ್ತಾ ಕೂತಿದ್ದವರ ಹತ್ತಿರ ಹೋಗಿ ಆ ಮಾತು ತೆಗೆದೆ. ಯಾವ ಮಾತು, ನೆನಪಿಲ್ಲ ಅಂದರು. ಸುಳ್ಳು. ನಿಮ್ಮ ವಂಶದಲ್ಲಿ ಯಾರಿಗೂ ಸುಳ್ಳು ಹೇಳಲು ಬರುವುದಿಲ್ಲ, ಆದರೂ ಬಿಡುವುದಿಲ್ಲ.

ಆಮೇಲೆ ಆ ರಾತ್ರಿಯ ಬಗ್ಗೆ ಕೇಳಿದೆ. ಗುಬ್ಬಿ ಕುದುರೆ ನೋಡಲು ಹೋದಾಗ ನಿಮ್ಮ ಹತ್ತಿರ ಯಾರೂ ಬರಲಿಲ್ಲವಾ ಅಂದೆ. ಅವರು ನಕ್ಕರು. "ಗೇಟಿನ ಅಜ್ಜ ಬಂದು ಬಾಗಿಲಲ್ಲಿ ಕೂಗ್ದ, ಇಪ್ಪತ್ತೆರಡರ ಕಡೆಯೋರು ಅಂತ. ಎರಡು ಸಲ. ಗುಬ್ಬಿ ಬಿಲ್ಲೆ ತಗೊಂಡು ಹೊರಗೆ ಹೋಗಿದ್ದಾಳೆ ಅಂತ ಗೊತ್ತಾದ್ರೆ ಅವಳನ್ನ ಮತ್ತೆ ಒಳಗೆ ಬಿಡಲ್ಲ ಅಂತ ನಾನು ಹೊದಿಕೆ ಎಳ್ಕೊಂಡು ನಿದ್ದೆ ಬಂದೋನ ಥರ ಬಿದ್ಕೊಂಡೆ." ಗುಂಡಿಗೆ ದಾರ ಸುತ್ತಿ ಹಲ್ಲಿನಿಂದ ಕಡಿದು, "ಪಾಪ, ಕೆಳಗೆ ಯಾರು ಬಂದಿದ್ರೋ" ಅಂದರು.

ಬಂದಿದ್ದು ನಾನೇ ಎನ್ನುವ ಮಾತು ಬಾಯಿಗೆ ಬಂದಿತ್ತು. ಅವರು ಒಂದು ಸಲ ಹೂಂ ಅಂದಿದ್ದರೆ ಹಾಸಿಗೆಯ ಹತ್ತಿರ ಯಾರೂ ಇಲ್ಲ ಎಂದು ಅಜ್ಜ ಕೆಳಗೆ ಬಂದು ಹೇಳುತ್ತಿದ್ದ, ನಾನು ಅವನ ಕಾಲು ಹಿಡಿದಾದರೂ ಮೇಲೆ ಹೋಗುತ್ತಿದ್ದೆ. ಅದನ್ನು ಅವರಿಗೆ ಹೇಳಿದರೆ ಉಳಿದ ಆಯುಷ್ಯವೆಲ್ಲ ಆ ಹೊದಿಕೆಯ ಒಳಗೇ ಇರುತ್ತಾರೆ. ಯಾರೋ ಔಷಧಿಯವರು ಇರಬೇಕು ಅಂದೆ. ಇರಬೇಕು ಅಂದರು.

ಆವತ್ತಿನಿಂದ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರಿಗೆ ಬಡಿಸುತ್ತೇನೆ, ಅವರ ಪಕ್ಕ ಮಲಗುತ್ತೇನೆ. ಮಕ್ಕಳ ಹತ್ತಿರ ಆಡುವಂತಿಲ್ಲ. ದರ್ಜಿಯ ಹೆಂಡತಿಗೆ ಹೇಳಿದರೆ ಬೀದಿಗೆಲ್ಲ ಹೇಳಿದ ಹಾಗೆ. ಇದು ಗೊತ್ತಿರುವವಳು ಈಗ ನೀನೊಬ್ಬಳೇ.

ಕ್ಷಮಿಸಿದ್ದೇನೆ ಎಂದುಕೊಂಡು ಬರಬೇಡ. ಆದರೆ ಬಾ. ಒಬ್ಬಳೇ ಇಟ್ಟುಕೊಂಡಿರಲು ನನ್ನಿಂದ ಆಗುತ್ತಿಲ್ಲ.

ಅತ್ತಿಗೆ